ನೆಂಟ್ರು ಬಂದ್ರೆ ತುಮಕೂರು ತೋರ್ಸೋದು ಹೆಂಗೆ? ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ: ರಜೆಗೆ ಫ್ರೆಂಡ್ಸ್ ಫ್ಯಾಮಿಲಿ ಬರ್ತಿದೆ, ಒಂದು ದಿನ ಇರ್ತಾರೆ, ಎಲ್ಲಿಗೆ ಕರ್ಕೊಂಡು ಹೋಗ್ಲಿ. ಅದಕ್ಕೆ ಅತ್ತೆ-ಸೊಸೆ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೀನಿ, ಆ ಜಗಳಗಳು ಎಲ್ಲೂ ಹೋಗಲ್ಲ ಬಿಡಿ.

ಪ್ರಶ್ನೆ: ಅಕ್ಕಾ, ನಮ್ಮನೆ ಎಸ್.ಎಸ್. ಪುರಂನಲ್ಲಿ. ನಮ್ಮನೆಯವ್ರು ಹುಬ್ಬಳ್ಳೀಲಿ ಕೆಲ್ಸದಲ್ಲಿದ್ದಾಗ ಪಕ್ಕದ ಮನೇಲಿದ್ದ ಫ್ಯಾಮಿಲಿ ಬರೋ ಭಾನುವಾರ ಬರ್ತಿದ್ದಾರೆ. ಗಂಡ ಹೆಂಡ್ತಿ, ಇಬ್ರು ಮಕ್ಳು, ಜೊತೆಗೆ ಮಂಡಿನೋವಿರೋ ಅವ್ರ ಅಮ್ಮ. ರಾತ್ರಿ ರೈಲಲ್ಲಿ ಬಂದು ಬೆಳಗ್ಗೆ ಇಳೀತಾರೆ, ಅವತ್ತೇ ರಾತ್ರಿ ವಾಪಸ್. ಇವ್ರು ಆಗ್ಲೇ ಲಿಸ್ಟ್ ಮಾಡಿ ಫ್ರಿಡ್ಜ್ ಮೇಲೆ ಅಂಟಿಸಿದ್ದಾರೆ: ಬಸದಿ ಬೆಟ್ಟ, ಸಿದ್ಧಗಂಗೆ, ನಾಮದ ಚಿಲುಮೆ, ದೇವರಾಯನದುರ್ಗ, ಗೊರವನಹಳ್ಳಿ, ಕೈದಾಳ, ಟೈಮ್ ಉಳಿದ್ರೆ ಮಧುಗಿರಿ ಬೆಟ್ಟ. ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತೀವಿ, ಮುದ್ದೆ ಬಸ್ಸಾರು ಮಾಡಿಟ್ಟಿರು ಅಂತ ನಂಗೆ ಆರ್ಡರ್ ಬೇರೆ. ಕಾರಲ್ಲೂ ಜಾಗ ಇಲ್ವಂತೆ, ನಾನು ಮನೇಲೇ ಇರ್ಬೇಕಂತೆ. ನೀವೇ ಹೇಳಿ, ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಲಿಸ್ಟ್ ಕಿತ್ತು ಹಾಕಮ್ಮ. ಅದು ಊರು ತೋರ್ಸೋ ಲಿಸ್ಟ್ ಅಲ್ಲ, ಕೊರಿಯರ್ ಡೆಲಿವರಿ ಲಿಸ್ಟ್. ಮಧುಗಿರಿ ಇಲ್ಲಿಂದ 40 ಕಿಲೋಮೀಟರ್ ಮೇಲಾಗುತ್ತೆ, ಅದು ಏಕಶಿಲಾ ಬೆಟ್ಟ, ಹತ್ತಿ ಇಳಿಯೋಕೇ ಅರ್ಧ ದಿನ ಬೇಕು, ಮೇಲೆ ಮೇಲೆ ಹೋದಂಗೆ ಕಂಬಿ ಹಿಡ್ಕೊಂಡು ಹತ್ತಬೇಕು, ಅದನ್ನ "ಟೈಮ್ ಉಳಿದ್ರೆ" ಅಂತ ಬರ್ದಿರೋವ್ರು ಅದನ್ನ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿರ್ತಾರೆ ಅಂತ ನಂಗೆ ಅನುಮಾನ. ಗೊರವನಹಳ್ಳಿ ಲಕ್ಷ್ಮೀನೂ ಕೊರಟಗೆರೆ ಕಡೆ, ಅದಕ್ಕೆ ಇನ್ನೊಂದು ದಿನಾನೇ ಬೇಕು. ಎರಡನ್ನೂ ಬಿಟ್ಬಿಡಿ. ಬಸದಿ ಬೆಟ್ಟಕ್ಕೆ ಮೆಟ್ಟಿಲು ಜಾಸ್ತಿ, ಮಂಡಿನೋವಿನ ಅಜ್ಜಿನ ಕೆಳಗೆ ಕೂರ್ಸಿ ಮಿಕ್ಕವ್ರು ಮೇಲೆ ಹೋದ್ರೆ ಅದೂ ಚೆನ್ನಾಗಿರಲ್ಲ.

ಕೈದಾಳಾನೂ ಈ ಸಲ ಬೇಡ, ಇನ್ನೊಂದ್ಸಲ ಬಂದಾಗ ನೋಡ್ಲಿ. ಉಳಿದಿದ್ದು ಮೂರು ಜಾಗ: ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ಧಗಂಗೆ. ಒಂದು ದಿನಕ್ಕೆ ಇಷ್ಟು ಸಾಕು, ಇದೇ ಜಾಸ್ತಿ. ಆದ್ರೆ ಯಾವಾಗ ಎಲ್ಲಿಗೆ ಅನ್ನೋದು ಮುಖ್ಯ, ಸಿದ್ಧಗಂಗೆಗೆ ಬೆಳಗ್ಗೆ ಹೋಗಿ ಬೆಟ್ಟಕ್ಕೆ ಉರಿ ಬಿಸಿಲಲ್ಲಿ ಹೋದ್ರೆ ಎರಡೂ ಹಾಳು.

ಈಗ ಕಾರಿನ ವಿಷ್ಯ. ಅವ್ರು ಐದು ಜನ, ನೀವಿಬ್ರು, ಏಳು. ಒಂದಿನಕ್ಕೆ ಡ್ರೈವರ್ ಸಮೇತ ಒಂದು ಇನ್ನೋವಾ ಬಾಡಿಗೆಗೆ ತಗೊಳ್ಳಿ. ಖರ್ಚು ಅಂತ ನಿಮ್ಮನೆಯವ್ರು ಮುಖ ಊದಿಸ್ತಾರೆ, ಊದಿಸ್ಲಿ. ಆ ಹೆಂಗಸು ಹುಬ್ಬಳ್ಳಿಯಿಂದ ರಾತ್ರಿಯೆಲ್ಲ ರೈಲಲ್ಲಿ ಬರ್ತಿರೋದು ದೇವರಾಯನದುರ್ಗದ ಕೋತಿ ನೋಡೋಕಲ್ಲ, ಪಕ್ಕದ ಮನೇಲಿ ಒಟ್ಟಿಗೆ ಹಪ್ಪಳ ಒಣಗಿಸಿದ ನಿಮ್ಮನ್ನ ನೋಡೋಕೆ. ನೀವು ಅಡುಗೆಮನೇಲಿ ಅವ್ರು ಬೆಟ್ಟದ ಮೇಲೆ ಅಂದ್ರೆ ಅವ್ರು ಯಾಕಾದ್ರೂ ಬರ್ಬೇಕು ಹೇಳಿ. ಇದನ್ನ ನಿಮ್ಮನೆಯವ್ರಿಗೆ ಓದಿ ಹೇಳಿ, ಬೇಕಾದ್ರೆ ಪೇಪರ್ ಕಟಿಂಗ್ ಮಾಡಿ ಆ ಫ್ರಿಡ್ಜ್ ಮೇಲೇ ಅಂಟಿಸಿ.

ಬೆಳಗ್ಗೆ ಅವ್ರು ಇಳಿದು ಬಂದು ಕಾಫಿ ಕುಡಿದು ಸ್ನಾನ ಮಾಡ್ಲಿ, ಅವಸರ ಮಾಡ್ಬೇಡಿ. ತಿಂಡಿ ಮನೇಲಿ ಬೇಡ. ಸೀದಾ ಕ್ಯಾತ್ಸಂದ್ರಕ್ಕೆ ಕರ್ಕೊಂಡು ಹೋಗಿ ತಟ್ಟೆ ಇಡ್ಲಿ ತಿನ್ನಿಸಿ. ದೇವರಾಯನದುರ್ಗದ ದಾರಿಗೆ ಅದು ಸುತ್ತು ನಿಜ, ಮತ್ತೆ ಊರೊಳಗೇ ವಾಪಸ್ ಬರ್ಬೇಕು, ಆದ್ರೂ ಹೋಗಿ. ಕೆಲವ್ರು ಬೈಕಲ್ಲಿ ಹೋಗಿ ಪಾರ್ಸಲ್ ತಂದು ಮನೇಲಿ ಬಡಿಸ್ತಾರೆ, ಅದು ನನ್ನ ಪ್ರಕಾರ ತಪ್ಪು, ತಟ್ಟೆ ಇಡ್ಲಿ ತಟ್ಟೆಯಿಂದ ಎತ್ತಿದ ತಕ್ಷಣ ಮೇಲೆ ಬೆಣ್ಣೆ ಹಾಕ್ಕೊಂಡು ತಿನ್ಬೇಕು, ಪಾರ್ಸಲ್ ಕವರಲ್ಲಿ ಅರ್ಧ ಗಂಟೆ ಬೆವರಿದ ಮೇಲೆ ಅದು ಬರೀ ಅಗಲವಾದ ಇಡ್ಲಿ ಅಷ್ಟೇ. ಭಾನುವಾರ ಬೆಂಗಳೂರಿನ ಬೈಕ್‌ನವ್ರೆಲ್ಲ ಅಲ್ಲೇ ಇರ್ತಾರೆ, ಕಾಯ್ಬೇಕಾಗುತ್ತೆ, ಅದಕ್ಕೇ ಬೇಗ ಹೋಗಿ ಅನ್ನೋದು. ಅಜ್ಜಿಗೆ ಒಂದು ಕುರ್ಚಿ ಹಿಡ್ಕೊಟ್ರೆ ಆಯ್ತು.

ಆಮೇಲೆ ಬೆಳಗುಂಬ ಕಡೆಯಿಂದ ದೇವರಾಯನದುರ್ಗ. ದಾರೀಲಿ ನಾಮದ ಚಿಲುಮೆ ಸಿಗುತ್ತೆ, ಹೋಗ್ತಾ ನಿಲ್ಲಿಸ್ಬೇಡಿ, ವಾಪಸ್ ಬರ್ತಾ ನಿಲ್ಲಿಸಿ. ಬೆಟ್ಟ ಮೊದ್ಲು. ಯಾಕಂದ್ರೆ ಸುಮಾರು 1200 ಮೀಟರ್ ಎತ್ತರದ ಬೆಟ್ಟ, ಬೆಳಗಿನ ಹೊತ್ತು ಗಾಳಿ ತಣ್ಣಗೆ ಇರುತ್ತೆ, ಮೋಡ ಇದ್ರಂತೂ ಕೇಳೋದೇ ಬೇಡ, ಮತ್ತೆ ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕ್ಬಿಡ್ತಾರೆ. ಕೆಳಗೆ ಊರಲ್ಲಿ ಭೋಗನರಸಿಂಹ, ಮೇಲೆ ಯೋಗನರಸಿಂಹ. ಅಜ್ಜಿಗೆ ಭೋಗನರಸಿಂಹನ ದರ್ಶನ ಆರಾಮಾಗಿ ಆಗುತ್ತೆ. ಮೇಲಿನ ದೇವಸ್ಥಾನಕ್ಕೂ ಒಂದಷ್ಟು ದೂರ ಗಾಡಿ ಹೋಗುತ್ತೆ, ಆಮೇಲೆ ಮೆಟ್ಟಿಲು. ಅಜ್ಜಿ ಗಾಡಿ ಹತ್ರ ಕೂತ್ರೂ ನೋಟಕ್ಕೇನು ಕಮ್ಮಿ ಇಲ್ಲ, ಅವ್ರ ಜೊತೆ ನಿಮ್ಮನೆಯವ್ರು ಕೂತ್ಕೊಳ್ಲಿ, ನೀವು ಹತ್ತಿ. ಹುಬ್ಬಳ್ಳಿ ಕಡೆ ಮಕ್ಳಿಗೆ ಈ ತರ ಬಂಡೆ ಬೆಟ್ಟ ಹೊಸದು, ಓಡಾಡ್ತಾರೆ, ಕಣ್ಣಿಟ್ಟಿರಿ.

ಮಕ್ಳಿಗೆ ಹೇಳೋಕೆ ಒಳ್ಳೇ ಕತೆನೂ ಇದೆ ಅಲ್ಲಿ. ಈ ಬೆಟ್ಟಕ್ಕೆ ಮೊದ್ಲು ಜಡಕನ ದುರ್ಗ ಅಂತಿದ್ರು, ಜಡಕ ಅನ್ನೋವ್ನ ಕೈಲಿತ್ತು, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ಮೇಲೆ ದೇವರಾಯನದುರ್ಗ ಆಯ್ತು. ಅದಕ್ಕಿಂತ ನಂಗೆ ಇಷ್ಟ ಆಗೋದು ನೀರಿನ ಕತೆ. ಶಿಂಷಾ ನದಿ, ಜಯಮಂಗಲಿ ನದಿ ಎರಡೂ ಈ ಬೆಟ್ಟದಲ್ಲೇ ಹುಟ್ಟೋದು. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತೆ, ಜಯಮಂಗಲಿ ಉತ್ತರಕ್ಕೆ ಹೋಗಿ ಪಿನಾಕಿನಿ ಸೇರಿ ಆಂಧ್ರದ ಕಡೆ ಹೋಗುತ್ತೆ. ಅಂದ್ರೆ ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ, ಈ ಕಡೆ ಬಿದ್ರೆ ತಮಿಳುನಾಡಿಗೆ, ಆ ಕಡೆ ಬಿದ್ರೆ ಆಂಧ್ರಕ್ಕೆ. ಇದನ್ನ ಮಕ್ಳಿಗೆ ಹೇಳಿ ನೋಡಿ, ಬಾಟ್ಲಿ ನೀರು ಎರಡೂ ಕಡೆ ಚೆಲ್ಲಿ ಟೆಸ್ಟ್ ಮಾಡ್ತಾರೆ.

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗೋ ಮಾತೇ ಇಲ್ಲ. ಹಿಂದಿನ ದಿನ ಪುಳಿಯೋಗರೆ ಗೊಜ್ಜು ಮಾಡಿಟ್ಕೊಂಡಿರಿ, ಬೆಳಗ್ಗೆ ಅನ್ನ ಕಲಸಿ ಡಬ್ಬಿಗೆ, ಇನ್ನೊಂದು ಡಬ್ಬೀಲಿ ಮೊಸರನ್ನ, ಉಪ್ಪಿನಕಾಯಿ, ಮುಗೀತು. ಅವ್ರೂ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡೇ ಬಂದಿರ್ತಾರೆ, ಆ ಕಡೆಯವ್ರು ಖಾಲಿ ಕೈಲಿ ರೈಲು ಹತ್ತೋರಲ್ಲ. ಮುದ್ದೆ ತಿನ್ನಿಸಲೇಬೇಕು ಅಂತ ನಿಮ್ಮನೆಯವ್ರಿಗೆ ಹಠ ಇದ್ರೆ ಇನ್ನೊಂದ್ಸಲ ಬಂದಾಗ ಅವ್ರೇ ಕೋಲು ಹಿಡಿದು ತಿರುವಲಿ. ಊಟ ಗಾಡೀಲೇ ಬಾಗಿಲು ಹಾಕ್ಕೊಂಡು ಮಾಡಿ, ಯಾಕೆ ಅಂತ ಕೆಳಗೆ ಇನ್ನೊಂದು ಪತ್ರದಲ್ಲಿ ಹೇಳಿದ್ದೀನಿ.

ನಾಮದ ಚಿಲುಮೆ ಊಟ ಆದ್ಮೇಲೆ ಸರಿಯಾಗುತ್ತೆ, ಮರಗಳ ನೆರಳು, ಜಿಂಕೆ ಪಾರ್ಕು, ಅಜ್ಜಿಗೆ ಹತ್ತೋ ಕಾಟ ಇಲ್ಲ. ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ಲ ಅಂತ ಬಾಣ ಬಿಟ್ನಂತೆ, ಬಂಡೆ ಸೀಳಿ ನೀರು ಬಂತಂತೆ, ಬಂಡೆಯಲ್ಲಿರೋ ಆ ಸಣ್ಣ ಕುಳಿಗೆ ಕೈ ಹಾಕಿದ್ರೆ ಈಗ್ಲೂ ನೀರು ಸಿಗುತ್ತೆ. ಇಷ್ಟೇನಾ ಅಂತ ಕೆಲವ್ರು ಮೂಗು ಮುರೀತಾರೆ. ಹೌದು ಇಷ್ಟೇ. ಸುತ್ತ ಎಲ್ಲಾ ಒಣ ಬಂಡೆ ಇದ್ದು ಅಲ್ಲಿ ಮಾತ್ರ ನೀರು ನಿಂತಿರೋದು ಸಣ್ಣ ವಿಷ್ಯ ಏನಲ್ಲ, ಬೋರ್‌ವೆಲ್ ಕೊರೆಸಿ ಕೊರೆಸಿ ದುಡ್ಡು ಕಳ್ಕೊಂಡ ನಮ್ ಜಿಲ್ಲೆಯವ್ರಿಗಂತೂ ಅದು ಚೆನ್ನಾಗೇ ಅರ್ಥ ಆಗುತ್ತೆ.

ಅಲ್ಲಿಂದ ಮನೆಗೆ ಬಂದು ಒಂದು ಗಂಟೆ ಎಲ್ರೂ ಕಾಲು ಚಾಚಲಿ. ಸಂಜೆ ಸಿದ್ಧಗಂಗೆ. ನಾನು ಇದನ್ನ ಸಂಜೆಗೇ ಇಡಿ ಅಂತ ಹಠ ಮಾಡೋದು ಮಕ್ಕಳ ಪ್ರಾರ್ಥನೆಗೋಸ್ಕರ. ಮಠದಲ್ಲಿ ಉಳ್ಕೊಂಡು ಓದೋ ಹುಡುಗ್ರು ಹತ್ತಿರ ಹತ್ತಿರ 10,000, ಎಲ್ಲ ಜಾತಿಯವ್ರೂ, ಊಟ ವಸತಿ ಓದು ಎಲ್ಲ ಫ್ರೀ, ಅವ್ರು ಬಯಲಲ್ಲಿ ಸಾಲಾಗಿ ಕೂತು ಒಟ್ಟಿಗೆ ಪ್ರಾರ್ಥನೆ ಹೇಳೋದು ಕೇಳಿದ್ರೆ ಎಂಥಾ ನಾಸ್ತಿಕರೂ ಒಂದ್ನಿಮಿಷ ಮೊಬೈಲ್ ಕೆಳಗಿಡ್ತಾರೆ. ಶಿವಕುಮಾರ ಸ್ವಾಮಿಗಳ ಗದ್ದುಗೆ ದರ್ಶನ ಮಾಡಿಸಿ. 1907ರಲ್ಲಿ ಹುಟ್ಟಿ 2019ರ ಜನವರಿ 21ಕ್ಕೆ ಲಿಂಗೈಕ್ಯರಾದ್ರು, ನಮ್ ತುಮಕೂರಿನವ್ರಿಗೆ ಅವ್ರ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಆದ್ರೆ ಹೊರಗಿನ ಮಕ್ಳಿಗೆ ನೀವೇ ಹೇಳ್ಬೇಕು. ಆಮೇಲೆ ದಾಸೋಹದಲ್ಲೇ ಪ್ರಸಾದ ಮಾಡಿ. ರಾತ್ರಿ ಅಡುಗೆನೂ ಉಳೀತು ನೋಡಿ. ಅಲ್ಲಿಂದ ಹಾಗೇ ಸ್ಟೇಷನ್.

ಲಗೇಜ್ ಬೆಳಗ್ಗೇನೇ ಪ್ಯಾಕ್ ಮಾಡಿ ಸಂಜೆ ಗಾಡೀಲೇ ಹಾಕ್ಕೊಳ್ಳಿ, ಇಲ್ಲಾಂದ್ರೆ ಚಾರ್ಜರ್ ಮರೆತೆ ಅಂತ ಮತ್ತೆ ಎಸ್.ಎಸ್. ಪುರಂ ಸುತ್ತಬೇಕಾಗುತ್ತೆ.

ಪ್ರಶ್ನೆ: ನಾವು ದಾವಣಗೆರೆಯವ್ರು. ತುಮಕೂರಿನ ಫ್ರೆಂಡ್ ಮನೆಗೆ ಹೋದಾಗೆಲ್ಲ ಊರೆಲ್ಲ ಸುತ್ತಿಸ್ತಾರೆ, ಒಂದ್ರೂಪಾಯಿ ಖರ್ಚು ಮಾಡೋಕೆ ಬಿಡಲ್ಲ, ಹೋಟ್ಲಲ್ಲಿ ಬಿಲ್ಲಿಗೆ ಕೈ ಹಾಕಿದ್ರೆ ಜಗಳಾನೇ ಆಗುತ್ತೆ. ನಮಗೆ ಮುಜುಗರ. ಹೇಗೆ ಮ್ಯಾನೇಜ್ ಮಾಡೋದು?

ಉತ್ತರ: ಬಿಲ್ಲಿನ ಹತ್ರ ಜಗಳ ಆಡಿ ಗೆದ್ದವ್ರು ಯಾರೂ ಇಲ್ಲ, ಕ್ಯಾಶಿಯರ್ ಪಾಪ ಇಬ್ರ ಫೋನೂ ನೋಡ್ತಾ ನಿಂತಿರ್ತಾನೆ. ಬಿಲ್ ಬರೋಕೆ ಮುಂಚೆ ಕೈ ತೊಳ್ಯೋಕೆ ಅಂತ ಎದ್ದು ಹೋಗಿ ಸ್ಕ್ಯಾನ್ ಮಾಡ್ಬಿಡಿ ಅಂತ ಕೆಲವ್ರು ಹೇಳ್ತಾರೆ, ನಂಗೆ ಅದು ಇಷ್ಟ ಇಲ್ಲ, ಕರ್ಕೊಂಡು ಬಂದವ್ರಿಗೆ ಅವಮಾನ ಆದಂಗೆ ಆಗುತ್ತೆ. ತಿಂಡಿ ಅವ್ರು ಕೊಡಿಸ್ಲಿ, ಅವ್ರ ಊರು. ನೀವು ಪೆಟ್ರೋಲ್ ಹಾಕ್ಸಿ. ಬಂಕಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಇಳಿದ್ಬಿಡಿ, ಡ್ರೈವರ್ ಸೀಟಿಂದ ಬೆಲ್ಟ್ ಬಿಚ್ಚಿ ಬರೋಷ್ಟ್ರಲ್ಲಿ ಕೆಲ್ಸ ಆಗಿರುತ್ತೆ. ಹೋಗೋವಾಗ ದಾವಣಗೆರೆ ಮಂಡಕ್ಕಿ ಒಂದು ದೊಡ್ಡ ಚೀಲ ತಗೊಂಡು ಹೋಗಿ, ತುಮಕೂರಲ್ಲಿ ಸಿಗೋ ಮಂಡಕ್ಕಿ ಬೇರೆ, ಅದು ಬೇರೆ, ಅವ್ರಿಗೂ ಗೊತ್ತು. ಮಠದಲ್ಲಿ ಪ್ರಸಾದ ಮಾಡಿದ್ರೆ ಬಿಲ್ಲೇ ಇಲ್ಲ, ಮನಸ್ಸಿಗೆ ಬಂದಷ್ಟು ದಾಸೋಹಕ್ಕೆ ಕೊಡಿ, ಅದನ್ನ ಯಾರೂ ತಡೆಯಲ್ಲ. ಇದೆಲ್ಲಕ್ಕಿಂತ ಮುಖ್ಯ, ಅವ್ರನ್ನ ದಾವಣಗೆರೆಗೆ ಕರೀರಿ. ಸುಮ್ನೆ "ಬನ್ನಿ ಬನ್ನಿ" ಅಲ್ಲ, ತಾರೀಖು ಹೇಳಿ ಕರೀರಿ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ಬೆಂಗ್ಳೂರಿಂದ ಕಸಿನ್ಸ್ ಬರ್ತಾರೆ, ಬಂದ್ರೆ "ನಿಮ್ ಊರಲ್ಲಿ ಏನಿದೆ ಗುರು, ಮಾಲ್ ಇಲ್ಲ ಏನಿಲ್ಲ" ಅಂತ ರೇಗಿಸ್ತಾರೆ. ದೇವಸ್ಥಾನ ಅಂದ್ರೆ ಬರಲ್ಲ ಅಂತಾರೆ. ಏನ್ ತೋರ್ಸ್ಲಿ?

ಉತ್ತರ: ಮಾಲ್ ನೋಡೋಕೆ ಬೆಂಗ್ಳೂರಿಂದ 70 ಕಿಲೋಮೀಟರ್ ಬರ್ಬೇಕಾ ಮಗಾ? ಅವ್ರನ್ನ ಬೆಳಗ್ಗೆ ಬೇಗ ಎಬ್ಬಿಸಿ ಬಸದಿ ಬೆಟ್ಟಕ್ಕೆ ಕರ್ಕೊಂಡು ಹೋಗು, ಮಂದರಗಿರಿ ಅಂತಾನೂ ಅಂತಾರಲ್ಲ, ಪಂಡಿತನಹಳ್ಳಿ ಹತ್ರ. 400 ಚಿಲ್ಲರೆ ಮೆಟ್ಟಿಲು, ಜಿಮ್‌ಗೆ ಹೋಗ್ತೀವಿ ಅನ್ನೋವ್ರಿಗೆ ಅಲ್ಲೇ ಉತ್ತರ ಸಿಗುತ್ತೆ. ಮೇಲೆ ಹಳೇ ಜೈನ ಬಸದಿಗಳು, ಸುತ್ತ ಕೋಟೆ ತರ ಗೋಡೆ, ಆ ಕಡೆ ಮೈದಾಳ ಕೆರೆ ಕಾಣುತ್ತೆ. ಕೆಳಗೆ ದಿಗಂಬರ ಮುನಿಗಳು ಹಿಡ್ಕೊಳ್ಳೋ ನವಿಲುಗರಿ ಪಿಂಛಿ ಆಕಾರದಲ್ಲೇ ಕಟ್ಟಿರೋ ಗುರುಮಂದಿರ ಇದೆ, ಅಂಥ ಕಟ್ಟಡ ಅವ್ರು ಬೆಂಗ್ಳೂರಲ್ಲಿ ನೋಡಿರಲ್ಲ. ಅದು ಪೂಜೆ ನಡೆಯೋ ಜಾಗ, ಬಸದಿ ಮುಂದೆ ರೀಲ್ಸ್‌ಗೆ ಕುಣಿಯೋದು ಬೇಡ, ಫೋಟೋ ತಗೊಳ್ಳಿ ಸಾಕು.

ಇಳಿದ ಮೇಲೆ ಇಡ್ಲಿ, ಕ್ಯಾತ್ಸಂದ್ರ ಹತ್ರಾನೇ. ಸಂಜೆ ಮಂಡಿಪೇಟೆ, ಚಿಕ್ಕಪೇಟೆ ಒಳಗೆ ನಡ್ಕೊಂಡು ಸುತ್ತಿ, ಹುಣಸೆಹಣ್ಣು ಕೊಬ್ಬರಿ ಮೂಟೆ, ಹಳೇ ಜಗಲಿ ಮನೆಗಳು, ಆಮೇಲೆ ಅಮಾನಿಕೆರೆ ಕಡೆ ವಾಕಿಂಗು. ಬೈಕಲ್ಲಿ ಬೇಡ, ಆ ರೋಡಲ್ಲಿ ನಡೆಯೋದೇ ಬೇಗ ಆಗುತ್ತೆ. ಇಷ್ಟಾದ್ಮೇಲೂ ರೇಗಿಸಿದ್ರೆ ರೇಗಿಸ್ಲಿ, ಕಸಿನ್ಸ್ ಇರೋದೇ ಅದಕ್ಕೆ.

ಪ್ರಶ್ನೆ: ಕೈದಾಳದಲ್ಲಿ ಜಕಣಾಚಾರಿಗೆ ಕೈ ವಾಪಸ್ ಬಂತು ಅನ್ನೋದು ನಿಜಾನಾ? ಮೈಸೂರಿನ ಸ್ನೇಹಿತರು ಕೇಳಿದ್ರು, ನಂಗೆ ಉತ್ತರ ಕೊಡೋಕಾಗ್ಲಿಲ್ಲ. (ಗೂಳೂರಿನ ಓದುಗರು)

ಉತ್ತರ: ಗೂಳೂರಿನವ್ರು ನೀವೇ ಹಿಂಗೆ ಕೇಳಿದ್ರೆ ಹೆಂಗೆ! ಕತೆ ಎಲ್ರಿಗೂ ಗೊತ್ತಿರೋದೇ, ಬೇಲೂರಲ್ಲಿ ಮಗ ಡಂಕಣ ವಿಗ್ರಹದ ಕಲ್ಲಲ್ಲಿ ದೋಷ ಇದೆ ಅಂದ, ಗಂಧ ಹಚ್ಚಿದ್ರೆ ಒಂದು ಕಡೆ ಒಣಗಲೇ ಇಲ್ಲ, ಒಡೆದು ನೋಡಿದ್ರೆ ನೀರು, ಒಳಗೆ ಕಪ್ಪೆ. ಜಕಣಾಚಾರಿ ತನ್ನ ಬಲಗೈ ತಾನೇ ಕಡ್ಕೊಂಡ, ಆಮೇಲೆ ಹುಟ್ಟೂರಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಬಂತು.

ಇತಿಹಾಸದ ಲೆಕ್ಕ ಬೇರೆ. ಬೇಲೂರು ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117. ಅಲ್ಲಿನ ವಿಗ್ರಹಗಳ ಕೆಳಗೆ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ, ಬಳ್ಳಿಗಾವೆಯ ದಾಸೋಜ, ಚಾವಣ ಅಂತೆಲ್ಲ ಇದೆ, ಈ ಕತೆಯ ಜಕಣಾಚಾರಿ ಹೆಸರು ಅಲ್ಲಿಲ್ಲ. ಕೈದಾಳದ ಗುಡಿನ 1150ರ ಸುಮಾರಿಗೆ ಹೊಯ್ಸಳ ನರಸಿಂಹನ ಸಾಮಂತ ಗೂಳೆ ಬಾಚಿ ಅನ್ನೋವ್ನು ಕಟ್ಟಿಸಿದ ಅಂತ ಶಾಸನ ಹೇಳುತ್ತೆ. ಹಂಗಂತ ಕತೆ ಸುಳ್ಳು ಅಂತ ಹೇಳಿ ಸ್ನೇಹಿತರ ಮಜಾ ಕೆಡಿಸ್ಬೇಡಿ, ಜನವರಿ 1ಕ್ಕೆ ಸರ್ಕಾರದವ್ರೇ ಜಕಣಾಚಾರಿ ಸಂಸ್ಮರಣೆ ಮಾಡ್ತಾರೆ, ಶಿಲ್ಪಿಗಳಿಗೆ ಅವ್ನ ಹೆಸರಲ್ಲೇ ಪ್ರಶಸ್ತಿ ಕೊಡ್ತಾರೆ. ಎರಡನ್ನೂ ಹೇಳಿ, ಮೊದ್ಲು ಕತೆ, ಕೇಶವನ ಮುಖ ನೋಡಿ ಆದ್ಮೇಲೆ ಶಾಸನ. ಉಲ್ಟಾ ಹೇಳಿದ್ರೆ ಯಾರೂ ಕೇಳಲ್ಲ.

ಬೇಲೂರು ನೋಡ್ಕೊಂಡು ಬಂದೋರಿಗೆ ಇಲ್ಲಿನ ಗುಡಿ ಸಣ್ಣದು ಅನ್ಸುತ್ತೆ, ಜನ ಇರಲ್ಲ, ಅದೇ ಲಾಭ. ಒಂದಷ್ಟು ಹೊತ್ತು ಕೂರಬಹುದು, ಮೆಟ್ಟಿಲಿನ ಕಾಟ ಇಲ್ಲ, ವಯಸ್ಸಾದವ್ರಿಗೆ ದೇವರಾಯನದುರ್ಗಕ್ಕಿಂತ ಇದೇ ವಾಸಿ. ದೀಪಾವಳಿ ಆದ್ಮೇಲೆ ಕರ್ಕೊಂಡು ಬಂದ್ರೆ ನಿಮ್ಮೂರ ದೊಡ್ಡ ಗಣಪತಿನೂ ನೋಡಿದಂಗಾಗುತ್ತೆ, ಊರೆಲ್ಲ ಚೌತಿಗೇ ಗಣೇಶನ್ನ ಕೂರಿಸಿ ಬಿಟ್ಟು ಮುಗ್ಸಿರ್ತಾರೆ, ನಿಮ್ಮೂರಲ್ಲಿ ಚೌತಿಗೆ ಮಣ್ಣು ತಂದು ಮಾಡೋಕೆ ಶುರು, ಬಲಿಪಾಡ್ಯಮಿಗೆ ಪೂಜೆ ಶುರು. ಮೈಸೂರಿನವ್ರಿಗೆ ದಸರಾ ಬಗ್ಗೆ ಜಂಬ ಇದ್ರೆ ಇದನ್ನ ತೋರ್ಸಿ.

ಪ್ರಶ್ನೆ: ಬೆಟ್ಟದಲ್ಲಿ ಕೋತಿ ಕಾಟಕ್ಕೆ ಏನು ಮಾಡೋದು?

ಉತ್ತರ: ಕೈಲಿ ಕವರ್ ಹಿಡ್ಕೋಬೇಡಿ. ಅವಕ್ಕೆ ಕವರ್ ಸದ್ದು ಸಾಕು, ಒಳಗೆ ಚಪ್ಪಲಿ ಇದ್ರೂ ಕಿತ್ಕೊಂಡು ಹೋಗ್ತವೆ. ಹಣ್ಣುಕಾಯಿ ಬ್ಯಾಗೊಳಗೆ ಇಟ್ಟು ಜಿಪ್ ಹಾಕಿ, ಗಾಡಿ ಗ್ಲಾಸ್ ಪೂರ್ತಿ ಏರ್ಸಿ. ಮಕ್ಳ ಕೈಗೆ ಕುರ್ಕುರೆ ಕೊಟ್ಟು ಆಮೇಲೆ ಕೋತಿಗೆ ಬೈದ್ರೆ ಪ್ರಯೋಜನ ಇಲ್ಲ. ಪಾಪ ಅಂತ ಬಾಳೆಹಣ್ಣು ಹಾಕೋದೂ ಬೇಡ, ಒಬ್ರು ಹಾಕಿದ್ದಕ್ಕೆ ಹಿಂದೆ ಬರೋ ಇನ್ನೊಬ್ರ ಕೈ ಪರಚಿಸ್ಕೋಬೇಕಾಗುತ್ತೆ.

ಪ್ರಶ್ನೆ: ನಮ್ ಹತ್ರ ಕಾರಿಲ್ಲ. ಯಶವಂತಪುರದಿಂದ ಸ್ನೇಹಿತರು ಬರ್ತಾರೆ, ಅವ್ರಿಗೂ ಇಲ್ಲ. ಬಸ್ಸು ರೈಲಲ್ಲೇ ಒಂದು ದಿನ ಆಗುತ್ತಾ?

ಉತ್ತರ: ಆರಾಮಾಗಿ. ಅವ್ರಿಗೆ ರೈಲಲ್ಲಿ ಬರೋಕೆ ಹೇಳಿ, ಹೈವೇ ಟ್ರಾಫಿಕ್ ತಲೆನೋವಿಲ್ಲ. ಪ್ಯಾಸೆಂಜರ್ ರೈಲಾದ್ರೆ ಕ್ಯಾತ್ಸಂದ್ರ ಸ್ಟೇಷನ್ನಲ್ಲೇ ಇಳಿಸ್ಕೊಳ್ಳಿ, ಇಡ್ಲಿ, ಮಠ ಎರಡೂ ಹತ್ರ. ನಿಮಗೆ ಸಂಜೆ ಪ್ರಾರ್ಥನೆ ತಪ್ಪುತ್ತೆ, ಬದಲಿಗೆ ಬೆಳಗ್ಗೆ ಮಠದ ಹಿಂದಿನ ಬೆಟ್ಟ ಹತ್ತಿ ಸಿದ್ಧಲಿಂಗೇಶ್ವರನ ಗುಡಿ, ಸಿದ್ಧಗಂಗೆ ನೀರು ನೋಡಿ, ಮಧ್ಯಾಹ್ನ ದಾಸೋಹ ಮಾಡಿ. ಆಮೇಲೆ ಸಿಟಿ ಬಸ್ ಹತ್ತಿ ಟೌನಿಗೆ ಬಂದು ಗೂಳೂರು ಬಸ್ಸು, ಅಲ್ಲಿಂದ ಕೈದಾಳಕ್ಕೆ ಆಟೋ, ಅದೇ ಆಟೋನ ವಾಪಸ್ಸಿಗೂ ಮಾತಾಡ್ಕೊಳ್ಳಿ. ದೇವರಾಯನದುರ್ಗಕ್ಕೆ ಬಸ್ಸು ಕಮ್ಮಿ, ಬಸ್ ನಂಬ್ಕೊಂಡು ಬೆಟ್ಟದ ಮೇಲೆ ಮಕ್ಳ ಜೊತೆ ಸಂಜೆ ಕಾಯೋದು ಬೇಡ. ಶಿವರಾತ್ರಿ ಸುಮಾರಿಗೆ ಬಂದ್ರೆ ಮಠದ ಜಾತ್ರೆ, ದನದ ಜಾತ್ರೆ ಇರುತ್ತೆ, ಅವಾಗ ಇನ್ನೆಲ್ಲಿಗೂ ಹೋಗ್ಬೇಕಾಗಿಲ್ಲ, ಅದೇ ಒಂದು ದಿನಕ್ಕೆ ಸಾಲಲ್ಲ.

ಪ್ರಶ್ನೆ: ಊರು ನೋಡ್ಕೊಂಡು ವಾಪಸ್ ಹೋಗೋ ಫ್ರೆಂಡ್ಸ್‌ಗೆ ತುಮಕೂರಿಂದ ಅಂತ ಏನು ಕೊಟ್ಟು ಕಳ್ಸೋದು? ಸ್ವೀಟ್ ಬಾಕ್ಸ್ ಎಲ್ಲಾ ಊರಲ್ಲೂ ಒಂದೇ.

ಉತ್ತರ: ತಿಪಟೂರು ಕೊಬ್ಬರಿ ಕೊಡಿ, ಎಷ್ಟು ದಿನ ಇಟ್ರೂ ಕೆಡಲ್ಲ, ಅಡುಗೆ ಮಾಡುವಾಗೆಲ್ಲ ನೆನೆಸ್ಕೊಳ್ತಾರೆ. ಚಳಿಗಾಲ ಆದ್ರೆ ಸೊಗಡಿನ ಅವರೆಕಾಯಿ. ಬೇಸಿಗೆ ಕೊನೆಗೆ, ಮಳೆ ಶುರುವಾಗೋ ಹೊತ್ತಿಗೆ ಬಂದ್ರೆ ಹಲಸು, ಅದ್ರಲ್ಲೂ ಚೇಳೂರು ಕಡೆಯ ಸಿದ್ದು ಹಲಸು ಸಿಕ್ರೆ ಬಿಡ್ಬೇಡಿ, ತೊಳೆ ತಾಮ್ರದ ಕೆಂಪು ಬಣ್ಣ ಇರುತ್ತೆ, ಹಣ್ಣು ಸಣ್ಣದು. ಎಷ್ಟೇ ಸಣ್ಣದಾದ್ರೂ ಇಡೀ ಹಣ್ಣು ಕೊಟ್ಟು ಕಳಿಸ್ಬೇಡಿ. ರೈಲಲ್ಲಿ ಆ ವಾಸನೆಗೆ ಪಕ್ಕದ ಸೀಟಿನವ್ರು ಮುಖ ಸಿಂಡರಿಸ್ತಾರೆ, ಅಪಾರ್ಟ್‌ಮೆಂಟಿಗೆ ಹೋಗಿ ಕುಯ್ಯೋಕೆ ಕೂತ್ರೆ ಕೈಗೆ ಎಣ್ಣೆ ಹಚ್ಕೋಬೇಕು ಅನ್ನೋದೇ ಗೊತ್ತಿರಲ್ಲ, ಚಾಕೂ ಕೈಯೂ ಮೇಣ ಆದ್ಮೇಲೆ ನಿಮಗೇ ಫೋನ್ ಬರುತ್ತೆ. ಮನೇಲೇ ಬಿಡಿಸಿ ತೊಳೆ ಡಬ್ಬಿಗೆ ಹಾಕಿ ಕೊಡಿ. ಬೀಜಾನೂ ಒಂದು ಕವರಲ್ಲಿ ಹಾಕಿ, ಸಾರಿಗೆ ಆಗುತ್ತೆ ಅಂತ ಹೇಳಿ. ಸ್ಟೀಲ್ ಡಬ್ಬಿ ಬೇಡ, ವಾಪಸ್ ಬರಲ್ಲ.